ಸೊಲ್ಲಾಪುರದಿಂದ ಹೊರಟ ವೈದ್ಯ



ಬಾದಾಮಿ, ಬಾಗಲಕೋಟೆ ಸ್ಟೇಷನ್ನುಗಳಿಂದ ಉತ್ತರಕ್ಕೆ ಹೋಗುವ ರೈಲು ಹತ್ತಿದರೆ ನೀವು ಸೊಲ್ಲಾಪುರ ತಲುಪುತ್ತೀರಿ. ಹುನಗುಂದ, ಇಳಕಲ್ಲಿನವರು ವಿಜಯಪುರದ ಮೇಲೆ ಬಸ್ಸಿನಲ್ಲಿ ಹೋದರೂ ಅದೇ ಊರು. ವಚನಕಾರ ಸಿದ್ಧರಾಮರು ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಕೆರೆ ಕಟ್ಟಿಸಿದರು. ನಮ್ಮ ಸೀಮೆಯಂತೆ ಅದೂ ಬರದ ನಾಡು, ನೀರಿನ ಬೆಲೆ ಬಲ್ಲ ಊರು. 1910ರಲ್ಲಿ ಅಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್ ನಲ್ಲಿಯೇ ಇಲ್ಲದ ಆಸ್ಪತ್ರೆಗಳಲ್ಲಿ ಸೇವೆ ಮಾಡಲು ಪರದೇಶಕ್ಕೆ ಹೋದವರು.

ಹೊರದೇಶಕ್ಕೆ ವೈದ್ಯರ ತಂಡ ಹೋದದ್ದು ಅದೇ ಮೊದಲಲ್ಲ. 1912ರ ಡಿಸೆಂಬರಿನಲ್ಲಿ ಬಾಲ್ಕನ್ ಯುದ್ಧದ ಗಾಯಾಳುಗಳಿಗಾಗಿ ಡಾ. ಎಂ. ಎ. ಅನ್ಸಾರಿಯವರು ಮುಂಬಯಿಯಿಂದ ತುರ್ಕಿಗೆ ಒಂದು ತಂಡ ಕರೆದೊಯ್ದಿದ್ದರು. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾದಿಂದ ಸೇನಾನಿ ಝು ದೆ ವೈದ್ಯರನ್ನು ಕಳುಹಿಸಿರೆಂದು ನೆಹರೂ ಅವರನ್ನು ಕೇಳಿಕೊಂಡರು. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸರು ಚಂದಾ ಎತ್ತಿಸಿದರು. ಸೆಪ್ಟೆಂಬರಿನಲ್ಲಿ ಅಟಲ್, ಚೋಳ್ಕರ್, ಕೋಟ್ನಿಸ್, ಬಸು, ಮುಖರ್ಜಿ ಎಂಬ ಐವರು ವೈದ್ಯರು ಹಡಗು ಹತ್ತಿದರು.

ಚೀನಾ ಸೇರಿದ ಕೆಲವು ತಿಂಗಳಲ್ಲೇ ಕೋಟ್ನಿಸರಿಗೆ ತಂದೆ ತೀರಿಕೊಂಡ ಸುದ್ದಿ ಬಂತು. ಮನೆಗೆ ಹೋಗಿ ಬಾ ಎಂದು ಜೊತೆಯವರು ಹೇಳಿದರು. ಅವರು ಹೋಗಲಿಲ್ಲ. ಇದು ಸರಿಯೇ ತಪ್ಪೇ ಎಂದು ನೀವು ವಾದ ಮಾಡಬಹುದು. ಮನೆಯಲ್ಲಿ ಕಾಯುತ್ತಿದ್ದ ತಾಯಿಯನ್ನು ನೆನೆದರೆ ನನಗೂ ಸುಲಭವಾಗಿ ಉತ್ತರ ಹೊಳೆಯುವುದಿಲ್ಲ.

1939ರ ಫೆಬ್ರವರಿಯಲ್ಲಿ ತಂಡ ಯೆನಾನ್ ಮುಟ್ಟಿತು. ಒಣ ಮಣ್ಣಿನ ಗುಡ್ಡ ಕೊರೆದು ಮಾಡಿದ ಗುಹೆಗಳೇ ಅಲ್ಲಿ ವಾರ್ಡುಗಳು. ಮುಂದೆ ಉತ್ತರದ ಯುದ್ಧಭೂಮಿಯಲ್ಲಿ ಅದೂ ಇರಲಿಲ್ಲ, ರೈತರ ಮನೆಗಳೇ ಆಸ್ಪತ್ರೆಯಾದವು. ವೈರಿಸೇನೆ ಸಮೀಪಿಸಿದರೆ ಗಾಯಾಳುಗಳನ್ನು ಹೊತ್ತು ಮತ್ತೊಂದು ಹಳ್ಳಿಗೆ ಹೋಗಬೇಕು. ಅಲ್ಲಿ ಮತ್ತೆ ಬಾವಿ ಎಲ್ಲಿ, ತೊರೆ ಎಲ್ಲಿ, ಉರುವಲು ಎಲ್ಲಿ ಎಂಬ ಹುಡುಕಾಟ. ಸ್ವಲ್ಪ ಯೋಚಿಸಿ: ವೈದ್ಯ ಕೈ ತೊಳೆಯಲು ನೀರು ಬೇಕು, ಚಾಕು ಕತ್ತರಿ ಕುದಿಸಲು ನೀರು ಬೇಕು, ಗಾಯ ತೊಳೆಯಲು ಬೇಕು, ಗಾಯಾಳುವಿಗೆ ಕುಡಿಯಲೂ ಬೇಕು. ಬ್ಯಾಂಡೇಜಿನ ಕೊರತೆಯಿಂದ ಬಳಸಿದ್ದನ್ನೇ ಒಗೆದು, ಕುದಿಸಿ, ಒಣಗಿಸಿ ಮತ್ತೆ ಕಟ್ಟುತ್ತಿದ್ದರು. ಅದೇ ಭಾಗದಲ್ಲಿ ದುಡಿಯುತ್ತಿದ್ದ ಕೆನಡಾದ ಡಾ. ನಾರ್ಮನ್ ಬೆಥೂನ್ ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳಿಗೆ ಆದ ಗಾಯ ನಂಜೇರಿ 1939ರ ನವೆಂಬರಿನಲ್ಲಿ ತೀರಿಕೊಂಡರು. ಬೆರಳಿನ ಗಾಯವೂ ಜೀವಕ್ಕೆ ಎರವಾಗುತ್ತಿದ್ದ ಕಾಲವದು.

1940ರಲ್ಲಿ ಕೋಟ್ನಿಸ್ ನಿದ್ದೆಯಿಲ್ಲದೆ 72 ಗಂಟೆ ಶಸ್ತ್ರಚಿಕಿತ್ಸೆ ಮಾಡಿದ್ದನ್ನು ಎಲ್ಲರೂ ಕೊಂಡಾಡುತ್ತಾರೆ. ಆ 72 ಗಂಟೆಯೂ ಒಲೆ ಆರದಂತೆ, ಹಂಡೆ ಬರಿದಾಗದಂತೆ ನೋಡಿಕೊಂಡವರ ಹೆಸರು ಮಾತ್ರ ಯಾರೂ ಬರೆದಿಡಲಿಲ್ಲ.

1941ರಲ್ಲಿ ಅವರು ಬೆಥೂನ್ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾದರು. ಚೀನೀ ಭಾಷೆ ಕಲಿತು ಅಲ್ಲಿಯ ಯುವಕರಿಗೆ ಪಾಠ ಹೇಳಿದರು. ಗುವೋ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದರು. 1942ರ ಆಗಸ್ಟಿನಲ್ಲಿ ಮಗ ಹುಟ್ಟಿದ. ಅದೇ ವರ್ಷ ಡಿಸೆಂಬರ್ 9ರಂದು ಮೂರ್ಛೆರೋಗದಿಂದ ಕೋಟ್ನಿಸ್ ತೀರಿಕೊಂಡರು. ಆಗ ಅವರಿಗೆ 32 ವರ್ಷ. ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕವೊಂದನ್ನು ಬರೆಯುತ್ತಿದ್ದರು, ಅದು ಅರ್ಧಕ್ಕೇ ನಿಂತಿತು.

ಖ್ವಾಜಾ ಅಹ್ಮದ್ ಅಬ್ಬಾಸರು ಬರೆದ ಅವರ ಕಥೆಯನ್ನು ವಿ. ಶಾಂತಾರಾಮ್ 1946ರಲ್ಲಿ ಚಲನಚಿತ್ರ ಮಾಡಿದರು. ಗುವೋ ಚಿಂಗ್‌ಲಾನ್ 2012ರವರೆಗೆ ಬದುಕಿದ್ದರು. ಗಂಡನ ಬಂಧುಗಳನ್ನು ಕಾಣಲು ಹಲವು ಸಲ ಭಾರತಕ್ಕೆ ಬಂದುಹೋದರು. ಸೊಲ್ಲಾಪುರದಲ್ಲಿ ಕೋಟ್ನಿಸರ ಸ್ಮಾರಕವಿದೆ. ಸಿದ್ಧರಾಮರ ಕೆರೆ ನೋಡಲು ಹೋದಾಗ ಅಲ್ಲಿಗೂ ಹೋಗಿ ಬನ್ನಿ.