ಮೆಂಫಿಸಿನ ಕೀಲಿಕೈ ಅಂಗಡಿ

ದಿನಸಿಯನ್ನು ಅಂತರಜಾಲದಲ್ಲಿ ತರಿಸಬೇಕೋ, ಅಂಗಡಿಗೇ ಹೋಗಿ ಕೊಳ್ಳಬೇಕೋ ಎಂಬ ಚರ್ಚೆ ಈಗ ಮನೆಮನೆಯಲ್ಲೂ ನಡೆಯುತ್ತದೆ. ಇವೆರಡನ್ನೂ ಒಂದೇ ಸೂರಿನಡಿ ಬೆಸೆಯುವ ಅಂಗಡಿಯನ್ನು ಕಟ್ಟುವುದು ದೊಡ್ಡ ವ್ಯಾಪಾರಸ್ಥರ ಹಂಬಲ. ಇದು ಈ ಶತಮಾನದ ಹೊಸ ಶೋಧವೆಂದು ಬಗೆಯುವವರು ಅಮೆರಿಕದ ಮೆಂಫಿಸ್ ನಗರದ ಕ್ಲಾರೆನ್ಸ್ ಸಾಂಡರ್ಸ್‌ನ ಕಥೆಯನ್ನು ತಿಳಿಯಬೇಕು. ಗಣಕಯಂತ್ರಗಳು ಬಳಕೆಗೆ ಬರುವ ಮೊದಲೇ ಆತ ಇದೇ ಕಗ್ಗಂಟನ್ನು ಬಿಡಿಸಲು ಹೊರಟಿದ್ದ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಿನಸಿ ಅಂಗಡಿ ನಮ್ಮೂರುಗಳ ಶೆಟ್ಟರ ಅಂಗಡಿಗಿಂತ ಹೆಚ್ಚು ಬೇರೆಯಾಗಿರಲಿಲ್ಲ. ಗಿರಾಕಿ ಕೌಂಟರಿನ ಈಚೆ ನಿಂತು ಬೇಕಾದುದನ್ನು ಹೇಳುವುದು, ಒಳಗಿನ ಆಳು ಅದನ್ನು ತೂಗಿ, ಪೊಟ್ಟಣ ಕಟ್ಟಿ ಮುಂದಿಡುವುದು. ಗಿರಾಕಿಗಳು ಸರತಿಯಲ್ಲಿ ಕಾಯಬೇಕಿತ್ತು, ಮಾಲೀಕನಿಗೆ ಆಳುಗಳ ಸಂಬಳ ಹೊರೆಯಾಗಿತ್ತು. 1916ರ ಸೆಪ್ಟೆಂಬರ್ 6ರಂದು ಸಾಂಡರ್ಸ್ 'ಪಿಗ್ಲಿ ವಿಗ್ಲಿ' ಎಂಬ ಅಂಗಡಿಯನ್ನು ತೆರೆದು ಆ ಕೌಂಟರನ್ನೇ ಕಿತ್ತುಹಾಕಿದ. ಇದೆಂಥ ವಿಚಿತ್ರ ಹೆಸರು ಎಂದು ಕೇಳಿದವರಿಗೆ, ನೀವು ಹೀಗೆ ಕೇಳಲೆಂದೇ ಇಟ್ಟದ್ದು ಎನ್ನುತ್ತಿದ್ದನಂತೆ!

ಆ ಅಂಗಡಿಯ ವಿನ್ಯಾಸವೇ ಒಂದು ಕ್ರಾಂತಿ. ಗಿರಾಕಿ ತಿರುಗುವ ಗೇಟನ್ನು ದಾಟಿ, ಬುಟ್ಟಿ ಹಿಡಿದು ಒಳಗೆ ಬರಬೇಕು. ದಾರಿ ಒಂದೇ, ಅದು ಎಲ್ಲ ಕಪಾಟುಗಳ ಮುಂದೆಯೂ ಸುತ್ತಿ ಬಳಸಿ ಕೊನೆಗೆ ಹಣ ಕೊಡುವ ಜಾಗಕ್ಕೆ ತಲುಪುತ್ತದೆ. ಪ್ರತಿ ವಸ್ತುವಿಗೂ ಬೆಲೆಯ ಚೀಟಿ. ಉಪ್ಪು ಕೊಳ್ಳಲು ಬಂದವರು ಸಕ್ಕರೆಯನ್ನೂ ಸಾಬೂನನ್ನೂ ನೋಡದೆ ಹೊರಹೋಗುವಂತಿಲ್ಲ. 1917ರಲ್ಲಿ ಸಾಂಡರ್ಸ್ ಈ ವಿನ್ಯಾಸಕ್ಕೆ ಪೇಟೆಂಟನ್ನೂ ಪಡೆದ. ಒಂದು ದೃಷ್ಟಿಯಲ್ಲಿ ಇದು ಜಾಣತನದ ವ್ಯಾಪಾರ: ಅಂಗಡಿಯ ಆಳಿನ ಕೆಲಸವನ್ನು ಸಂಬಳವಿಲ್ಲದೆ ಗಿರಾಕಿಯಿಂದಲೇ ಮಾಡಿಸಿದ್ದಾಯಿತು. ಗಿರಾಕಿಯೂ ಸಂತೋಷದಿಂದಲೇ ಮಾಡಿದ, ಏಕೆಂದರೆ ವಸ್ತುವನ್ನು ಕೈಗೆತ್ತಿಕೊಂಡು ಪರೀಕ್ಷಿಸುವ ಸ್ವಾತಂತ್ರ್ಯ ಅವನಿಗೆ ಮೊದಲ ಬಾರಿಗೆ ದೊರೆತಿತ್ತು.

ಆದರೆ 1923ರಲ್ಲಿ ವಾಲ್ ಸ್ಟ್ರೀಟಿನ ಷೇರು ಕಾಳಗದಲ್ಲಿ ಸೋತು ಆತ ಆ ಸಂಸ್ಥೆಯನ್ನೇ ಕಳೆದುಕೊಂಡ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಅನಂತರದ ಸಾಂಡರ್ಸ್. 1937ರಲ್ಲಿ ಆತ ಮೆಂಫಿಸಿನಲ್ಲೇ 'ಕೀಡೂಜಲ್' ಎಂಬ ಅಂಗಡಿಯನ್ನು ತೆರೆದ. ಎಲ್ಲವನ್ನೂ ಕೀಲಿಕೈಯೇ ಮಾಡುತ್ತದೆ ಎಂಬ ಅರ್ಥದ ಇಂಗ್ಲಿಷ್ ಮಾತನ್ನು ತಿರುಚಿ ಕಟ್ಟಿದ ಹೆಸರದು. ಇಲ್ಲಿ ಗಾಜಿನ ಹಿಂದೆ ಪ್ರತಿ ವಸ್ತುವಿನ ಮಾದರಿ ಮಾತ್ರ ಇರುತ್ತಿತ್ತು. ಗಿರಾಕಿಯ ಕೈಗೆ ಒಂದು ಕೀಲಿಕೈ; ಬೇಕಾದ ವಸ್ತುವಿನ ಪಕ್ಕದ ಕಿಂಡಿಗೆ ಅದನ್ನು ತೂರಿಸಿದರೆ ಬೇಡಿಕೆ ಕಾಗದದ ಪಟ್ಟಿಯ ಮೇಲೆ ದಾಖಲಾಗುತ್ತಿತ್ತು. ಹಣ ಕೊಡುವಲ್ಲಿ ಆ ಪಟ್ಟಿಯನ್ನು ಯಂತ್ರಕ್ಕೆ ಒಪ್ಪಿಸಿದರೆ ಹಿಂದಿನ ದಾಸ್ತಾನಿನಿಂದ ಸಾಮಾನುಗಳು ಚಲಿಸುವ ಪಟ್ಟಿಯ ಮೇಲೆ ತೇಲಿ ಬರುತ್ತಿದ್ದವು. ಹೀಗೆ ನೋಡುವ ಕಣ್ಣು ಗಿರಾಕಿಯದು, ಆಯುವ ಕೈ ಯಂತ್ರದ್ದು. ಇಂದು ಫೋನಿನ ಪರದೆಯನ್ನು ಒತ್ತುವ ಬೆರಳಿಗೂ ಆ ಕೀಲಿಕೈಗೂ ತತ್ತ್ವದಲ್ಲಿ ಎಷ್ಟು ವ್ಯತ್ಯಾಸ?

ಜನಸಂದಣಿಯ ಹೊತ್ತಿನಲ್ಲಿ ಯಂತ್ರ ಕೈಕೊಡುತ್ತಿತ್ತು. ಒಬ್ಬರ ಸಾಮಾನು ಮತ್ತೊಬ್ಬರದರೊಂದಿಗೆ ಬೆರೆಯುತ್ತಿತ್ತು. ಸುಧಾರಿಸಿ ಮತ್ತೆ ಮತ್ತೆ ಪ್ರಯತ್ನಿಸಿದರೂ 1949ರಲ್ಲಿ ಕೀಡೂಜಲ್ ಮುಚ್ಚಿತು. 1953ರಲ್ಲಿ ತೀರಿಕೊಳ್ಳುವಾಗಲೂ ಸಾಂಡರ್ಸ್ 'ಫುಡ್ಎಲೆಕ್ಟ್ರಿಕ್' ಎಂಬ ಇನ್ನೊಂದು ಯಂತ್ರದಂಗಡಿಯ ಯೋಜನೆಯಲ್ಲಿ ಮುಳುಗಿದ್ದ. ಅದು ತೆರೆಯಲೇ ಇಲ್ಲ.

ಮುಂದೆ ಬೇಡಿಕೆಯ ಚೀಟಿ ಅಂಗಡಿಯನ್ನು ಬಿಟ್ಟು ಮನೆ ಸೇರಿತು. 1984ರಲ್ಲಿ ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ 72 ವರ್ಷದ ಜೇನ್ ಸ್ನೋಬಾಲ್ ಎಂಬ ಅಜ್ಜಿ ಟೆಲಿವಿಷನ್ನಿನ ಮುಂದೆ ಕುಳಿತು, ರಿಮೋಟ್ ಒತ್ತಿ, ಟೆಸ್ಕೋ ಅಂಗಡಿಯಿಂದ ಮಾರ್ಗರೀನ್, ಕಾರ್ನ್‌ಫ್ಲೇಕ್ಸ್ ಮತ್ತು ಮೊಟ್ಟೆ ತರಿಸಿಕೊಂಡರು. ಟೆಲಿವಿಷನ್ನನ್ನು ದೂರವಾಣಿ ತಂತಿಯ ಮೂಲಕ ಗಣಕಕ್ಕೆ ಜೋಡಿಸುವ ಈ ವ್ಯವಸ್ಥೆಯನ್ನು 1979ರಲ್ಲಿ ರೂಪಿಸಿದವರು ಮೈಕೆಲ್ ಆಲ್ಡ್ರಿಚ್. ನಡೆದು ಹೋಗಲಾರದ ವೃದ್ಧರಿಗೆ ನೆರವಾಗುವುದೇ ಅಲ್ಲಿನ ನಗರಸಭೆಯ ಉದ್ದೇಶವಾಗಿತ್ತೆಂಬುದನ್ನು, ಈ ವಯಸ್ಸಿನಲ್ಲಿ ನಾನು ಮರೆಯಲಾರೆ.

ನಮ್ಮ ಬೆಂಗಳೂರೂ ಈ ಚರಿತ್ರೆಯಲ್ಲಿದೆ. 1999ರಲ್ಲಿ ಇಲ್ಲಿ ಅಂತರಜಾಲದ ಅಂಗಡಿಯಾಗಿ ಹುಟ್ಟಿದ ಫ್ಯಾಬ್‌ಮಾರ್ಟ್, ಕೆಲವೇ ವರ್ಷಗಳಲ್ಲಿ ಇಟ್ಟಿಗೆ ಗಾರೆಯ ಅಂಗಡಿಗಳನ್ನೂ ಫ್ಯಾಬ್‌ಮಾಲ್ ಎಂಬ ಹೆಸರಿನಲ್ಲಿ ತೆರೆಯಬೇಕಾಯಿತು. ಅದರ ಸ್ಥಾಪಕರಲ್ಲಿ ಕೆಲವರು 2011ರಲ್ಲಿ ಬಿಗ್‌ಬ್ಯಾಸ್ಕೆಟ್ ಕಟ್ಟಿ ಮತ್ತೆ ಅಂತರಜಾಲಕ್ಕೇ ಮರಳಿದರು.

ಎರಡನ್ನೂ ನಿಜವಾಗಿ ಹೊಲಿದು ಒಂದಾಗಿಸಿದ್ದು 2016ರಲ್ಲಿ ಶಾಂಘೈಯಲ್ಲಿ ಆರಂಭವಾದ ಅಲಿಬಾಬಾದ 'ಹೆಮಾ' ಅಂಗಡಿ. ಅಲ್ಲಿ ಗಿರಾಕಿಗಳು ತೊಟ್ಟಿಯಲ್ಲಿನ ಜೀವಂತ ಮೀನನ್ನು ಆರಿಸುತ್ತಿರುವಾಗಲೇ, ನೌಕರರು ಫೋನಿನಲ್ಲಿ ಬಂದ ಬೇಡಿಕೆಯನ್ನು ಚೀಲಕ್ಕೆ ತುಂಬಿ ಚಾವಣಿಯಲ್ಲಿ ಓಡುವ ಪಟ್ಟಿಗೆ ತೂಗುಹಾಕುತ್ತಾರೆ. ಚೀಲ ತಲೆಯ ಮೇಲೆಯೇ ಹಿತ್ತಿಲಿಗೆ ಸಾಗುತ್ತದೆ. ಹತ್ತಿರದ ಮನೆಗಳಿಗೆ ಅರ್ಧ ಗಂಟೆಯಲ್ಲಿ ತಲುಪಿಸುವ ವಾಗ್ದಾನ. ಬೆಲೆಯ ಚೀಟಿಗಳೂ ವಿದ್ಯುನ್ಮಾನದವು.

ಆದರೂ ಒಂದು ತೊಡಕು ಉಳಿದೇ ಇದೆ. ಸಾವಧಾನವಾಗಿ ನೋಡುತ್ತ ಬರುವ ಗಿರಾಕಿಗೆ ಸಾಂಡರ್ಸ್‌ನ ಸುತ್ತುಬಳಸಿನ ದಾರಿ ಲಾಭಕರ. ಗಡಿಯಾರ ನೋಡಿಕೊಂಡು ಸಾಮಾನು ಆಯುವ ನೌಕರನಿಗೆ ಅದೇ ದಾರಿ ಶಿಕ್ಷೆ. ಕಪಾಟಿನಲ್ಲಿ ಇದೆಯೆಂದು ಫೋನು ತೋರಿಸುವ ಕೊನೆಯ ಹಾಲಿನ ಪೊಟ್ಟಣ ಅಷ್ಟರಲ್ಲಿ ಯಾರದೋ ಬುಟ್ಟಿಯನ್ನು ಸೇರಿರಬಹುದು. ಹೀಗಾಗಿಯೇ ಅನೇಕ ಸಂಸ್ಥೆಗಳು ಎರಡನ್ನೂ ಬೆಸೆಯುವ ಗೋಜನ್ನೇ ಬಿಟ್ಟು, ಬೀದಿಗಳ ಮೂಲೆಯಲ್ಲಿ ಸಣ್ಣ ದಾಸ್ತಾನು ಮಳಿಗೆಗಳನ್ನು ಕಟ್ಟಿಕೊಂಡಿವೆ. ಬೆಂಗಳೂರಿನಲ್ಲೂ ಅವು ಬೇಕಾದಷ್ಟಿವೆ. ಅವುಗಳಲ್ಲಿ ಕಪಾಟುಗಳುಂಟು, ಓಡಾಡುವ ಹುಡುಗರುಂಟು. ಗಿರಾಕಿಗೆ ಮಾತ್ರ ಒಳಗೆ ಪ್ರವೇಶವಿಲ್ಲ.