ಶಾಂತಿ ಬರುವವರೆಗೆ



ನೆರಿಯ ಗ್ರಾಮವಿರುವ ಬೆಳ್ತಂಗಡಿಯ ಸೀಮೆಯಲ್ಲಿ ಗಡಾಯಿಕಲ್ಲು ಎಂಬ ಒಂಟಿ ಬಂಡೆಯ ಬೆಟ್ಟವೊಂದುಂಟು. ಟಿಪ್ಪು ಸುಲ್ತಾನನು ೧೭೯೪ರಲ್ಲಿ ಅದರ ಮೇಲೆ ಕೋಟೆಯನ್ನು ಕಟ್ಟಿಸಿ, ತಾಯಿಯ ಹೆಸರಿನಿಂದ ಅದನ್ನು ಜಮಾಲಾಬಾದ್ ಎಂದು ಕರೆದನೆಂದು ಪ್ರತೀತಿ. ಅದೇ ವರ್ಷ, ಕಡಲಾಚೆಯ ಫ್ರಾನ್ಸಿನಲ್ಲಿ, ಅರಸನಿಲ್ಲದ ಹೊಸ ಗಣರಾಜ್ಯವು ಹೊರಗಿನ ವೈರಿಗಳನ್ನು ಸೋಲಿಸುತ್ತಲೇ ತನ್ನ ನಾಯಕರನ್ನು ತಾನೇ ಬಲಿಗೊಡುತ್ತಿದ್ದಿತು. ಮೂರು ವರ್ಷಗಳ ತರುವಾಯ ಫ್ರೆಂಚರ ಹಡಗೊಂದು ಮಂಗಳೂರಿಗೆ ಬಂದಿತು. ಆ ಹಡಗನ್ನು ಸುಲ್ತಾನನು ನಂಬಿದನು. ಅವನು ನಂಬಿದ ಗಣರಾಜ್ಯವು ಎಂತಹುದಾಗಿತ್ತೆಂಬುದನ್ನು ಈ ಹೊತ್ತು ವಿಚಾರಿಸೋಣ.

೧೭೯೨ರ ಏಪ್ರಿಲ್ ತಿಂಗಳಲ್ಲಿ ಫ್ರಾನ್ಸು ಆಸ್ಟ್ರಿಯದ ಮೇಲೆ ಯುದ್ಧ ಸಾರಿದಾಗ ಅಲ್ಲಿ ಇನ್ನೂ ದೊರೆಯಿದ್ದನು. ಬೇಸಗೆ ಕಳೆಯುವುದರೊಳಗೆ ಪ್ರಷ್ಯದ ಸೇನೆ ಗಡಿಯನ್ನು ದಾಟಿತು. ಪ್ಯಾರಿಸ್ಸಿನ ಜನ ಅರಮನೆಗೆ ನುಗ್ಗಿದರು. ಸೆಪ್ಟೆಂಬರ್ ೨೦ರಂದು ವಾಲ್ಮಿ ಎಂಬಲ್ಲಿ ಶತ್ರುಗಳಿಗೆ ತಡೆಯುಂಟಾಯಿತು. ಮರುದಿನವೇ ಪ್ರತಿನಿಧಿಸಭೆಯು ಅರಸೊತ್ತಿಗೆಯನ್ನು ರದ್ದುಪಡಿಸಿತು. ಯುದ್ಧದ ನಡುವೆ ಹುಟ್ಟಿದ ಆ ಕೂಸು ಶಾಂತಿಯ ಒಂದು ದಿನವನ್ನೂ ಕಂಡಿರಲಿಲ್ಲ.

೧೭೯೩ರ ಜನವರಿಯಲ್ಲಿ ದೊರೆಯ ಶಿರಚ್ಛೇದವಾಯಿತು. ಮಾರ್ಚ್ ತಿಂಗಳ ವೇಳೆಗೆ ಇಂಗ್ಲೆಂಡ್, ಹಾಲೆಂಡ್, ಸ್ಪೇನ್ ದೇಶಗಳೂ ಯುದ್ಧಕ್ಕಿಳಿದಿದ್ದುವು. ೩ ಲಕ್ಷ ಸೈನಿಕರನ್ನು ಕೂಡಿಸಹೊರಟಾಗ ವಾಂಡೆ ಪ್ರಾಂತದ ರೈತರು ದಂಗೆಯೆದ್ದರು. ಸೇನಾಪತಿ ದ್ಯೂಮೂರಿಯೇ ಶತ್ರುಗಳನ್ನು ಸೇರಿಕೊಂಡನು. ಸಭೆಯೊಳಗೆ ಜಿರೊಂಡಿನರೂ ಜಾಕೊಬಿನರೂ ಒಬ್ಬರನ್ನೊಬ್ಬರು ದೇಶದ್ರೋಹಿಗಳೆಂದು ದೂರಿದರು. ಜೂನ್ ೨ರಂದು ಪ್ಯಾರಿಸ್ಸಿನ ಸಶಸ್ತ್ರ ಜನ ಸಭೆಯನ್ನು ಸುತ್ತುಗಟ್ಟಿ ಜಿರೊಂಡಿನ ಮುಖಂಡರನ್ನು ಹೊರಹಾಕಿಸಿದರು. ಇದಕ್ಕೆ ಪ್ರತಿಯಾಗಿ ಲಿಯೋನ್, ಮಾರ್ಸೇಲ್ಸ್ ಮುಂತಾದ ಪಟ್ಟಣಗಳು ತಿರುಗಿಬಿದ್ದುವು. ತೂಲೋನ್ ಬಂದರು ಇಂಗ್ಲೀಷರ ನೌಕಾಪಡೆಗೆ ಬಾಗಿಲು ತೆರೆಯಿತು.

ಈ ಸಂಕಟದಲ್ಲಿ ಗಣರಾಜ್ಯವು ಅದ್ಭುತವಾದ ಶಕ್ತಿಯನ್ನು ತೋರಿತು. ೧೮ರಿಂದ ೨೫ರ ವಯಸ್ಸಿನ ಅವಿವಾಹಿತ ತರುಣರೆಲ್ಲರಿಗೂ ಸೇನೆಯ ಕರೆ ಬಂದಿತು. ಧಾನ್ಯಕ್ಕೆ ಬೆಲೆಯ ಮಿತಿ ಗೊತ್ತಾಯಿತು. ಆದರೆ ಜನರೇ ಒಪ್ಪಿದ ಹೊಸ ಸಂವಿಧಾನವನ್ನು ಬದಿಗಿರಿಸಿ, ಶಾಂತಿ ಬರುವವರೆಗೆ ಕ್ರಾಂತಿಸರ್ಕಾರವೇ ನಡೆಯತಕ್ಕದ್ದೆಂದು ಅಕ್ಟೋಬರ್ ೧೦ರಂದು ಸಭೆ ವಿಧಿಸಿತು. ಅಧಿಕಾರವೆಲ್ಲವೂ ಕೆಲವೇ ಮಂದಿಯ ಸಮಿತಿಯ ಕೈಸೇರಿತು. ಸಂಶಯಕ್ಕೆ ಪಾತ್ರರಾದವರನ್ನು ಸೆರೆಯಲ್ಲಿಡುವ ಕಾನೂನು ಅದಕ್ಕೆ ಮೊದಲೇ ಜಾರಿಗೆ ಬಂದಿದ್ದಿತು.

ಮನೆಗೆ ಬೆಂಕಿ ಬಿದ್ದಾಗ ಗೋಡೆಯನ್ನೊಡೆಯುವುದು ತಪ್ಪೇ ಎಂದು ಕೇಳುವವರುಂಟು. ಅವರಿಗೆ ತೇದಿಗಳೇ ಉತ್ತರ ಹೇಳುತ್ತವೆ. ೧೭೯೩ರ ಡಿಸೆಂಬರಿನಲ್ಲಿ ತೂಲೋನ್ ಕೈವಶವಾಯಿತು. ವಾಂಡೆಯ ಮುಖ್ಯಸೇನೆ ಮುರಿದುಬಿದ್ದಿತು. ಬೆಂಕಿ ಬಹುಮಟ್ಟಿಗೆ ಆರಿದ್ದಿತು. ಆದರೂ ಆಪಾದಿತನಿಗೆ ವಕೀಲನನ್ನೂ ನಿರಾಕರಿಸಿ, ಮರಣ ಅಥವಾ ಬಿಡುಗಡೆ ಎಂಬ ಎರಡೇ ತೀರ್ಪುಗಳನ್ನುಳಿಸಿದ ಅತಿಕಠೋರ ಕಾನೂನು ಬಂದುದು ೧೭೯೪ರ ಜೂನ್ ೧೦ರಂದು. ಜೂನ್ ೨೬ರಂದು ಫ್ಲೂರಸ್ಸಿನಲ್ಲಿ ಆಸ್ಟ್ರಿಯನ್ನರು ಸೋತರು. ಪ್ಯಾರಿಸ್ಸಿನಲ್ಲಿ ಶಿರಗಳು ಉರುಳುವುದು ನಿಲ್ಲಲಿಲ್ಲ. ಜುಲೈ ೨೭ರಂದು ಸಮಿತಿಯ ಪ್ರಮುಖನಾದ ರೋಬ್ಸ್‌ಪಿಯರನೇ ಪದಚ್ಯುತನಾಗಿ, ಮರುದಿನ ಅದೇ ಕತ್ತಿಗೆ ಕೊರಳೊಡ್ಡಿದನು. ಹೊರಗಿನ ವೈರಿಗಾಗಿ ಮಸೆದ ಕತ್ತಿ ಒಳಗಿನ ಭಿನ್ನಾಭಿಪ್ರಾಯದ ಮೇಲೆ ಬಿದ್ದಿತು. ವೈರಿ ಹಿಂದೆಗೆದ ಮೇಲೂ ಒರೆಗೆ ಸೇರಲಿಲ್ಲ.

ಈಗ ಮಂಗಳೂರಿಗೆ ಬರೋಣ. ೧೭೯೭ರಲ್ಲಿ ಜಖಂಗೊಂಡ ಹಡಗಿನಲ್ಲಿ ಬಂದ ರಿಪೋ ಎಂಬ ನಾವಿಕನು, ಇಂದು ಮಾರಿಷಸ್ ಎನಿಸಿರುವ ದ್ವೀಪದಲ್ಲಿ ಫ್ರೆಂಚರ ದೊಡ್ಡ ಸಹಾಯ ಸಿದ್ಧವಾಗಿದೆಯೆಂದು ಹೇಳಿಕೊಂಡನು. ಆ ವರ್ಷ ಶ್ರೀರಂಗಪಟ್ಟಣದಲ್ಲಿ ಫ್ರೆಂಚರು ಸ್ವಾತಂತ್ರ್ಯವೃಕ್ಷವನ್ನು ನೆಟ್ಟು ಜಾಕೊಬಿನ ಸಂಘವನ್ನು ಸ್ಥಾಪಿಸಿದರೆಂದು, ಇಂಗ್ಲೀಷರು ಅರಮನೆಯಲ್ಲಿ ಸಿಕ್ಕಿದುವೆಂದು ಪ್ರಕಟಿಸಿದ ಕಾಗದಗಳು ಹೇಳುತ್ತವೆ. ಅವುಗಳ ಪ್ರಾಮಾಣ್ಯವನ್ನು ಶಂಕಿಸುವ ಚರಿತ್ರಕಾರರೂ ಇದ್ದಾರೆ. ಸುಲ್ತಾನನ ದೂತರು ಆ ದ್ವೀಪಕ್ಕೆ ಹೋದುದು ಮಾತ್ರ ನಿಶ್ಚಯ. ಅಲ್ಲಿ ಸೇನೆಯಿರಲಿಲ್ಲ. ಗುಲಾಮಗಿರಿಯನ್ನು ರದ್ದುಮಾಡಿದ ಗಣರಾಜ್ಯದ ಆಜ್ಞೆಯನ್ನು ಜಾರಿಗೊಳಿಸಲು ಬಂದ ಅಧಿಕಾರಿಗಳನ್ನು ದ್ವೀಪದ ವಲಸಿಗರು ೧೭೯೬ರಲ್ಲಿಯೇ ಹಿಂದಟ್ಟಿದ್ದರು. ೧೭೯೮ರ ಜನವರಿ ೩೦ರಂದು ಗವರ್ನರ್ ಮಲಾರ್ತಿಕನು ಸುಲ್ತಾನನ ಗುಟ್ಟನ್ನು ಬಹಿರಂಗ ಘೋಷಣೆಯಲ್ಲಿ ಸಾರಿಬಿಟ್ಟನು. ಮಂಗಳೂರಿಗೆ ಬಂದಿಳಿದವರು ಸುಮಾರು ೧೦೦ ಮಂದಿ. ಯುದ್ಧಕ್ಕೆ ಕಾರಣ ಬೇಕಾಗಿದ್ದ ಕುಂಪಣಿಗೆ ಆ ಘೋಷಣೆಯೇ ಸಾಕಾಯಿತು.

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಸುಲ್ತಾನನು ಹೋರಾಡುತ್ತ ಮಡಿದನು. ಅದೇ ವರ್ಷದ ನವೆಂಬರಿನಲ್ಲಿ ಬೊನಪಾರ್ಟನು ಸಿಪಾಯಿಗಳ ಬಲದಿಂದ ಫ್ರಾನ್ಸಿನ ಅಧಿಕಾರವನ್ನು ಕೈವಶಮಾಡಿಕೊಂಡನು. ಶಾಂತಿ ಬರುವವರೆಗೆ ಬದಿಗಿರಿಸಿದ ಆ ಸಂವಿಧಾನ ಎಂದಿಗೂ ಜಾರಿಗೆ ಬರಲಿಲ್ಲ. ಆಪತ್ಕಾಲದಲ್ಲಿ ಎತ್ತಿಟ್ಟ ಹಕ್ಕನ್ನು ಹಿಂದಕ್ಕೆ ಕೊಡುವ ದಿನ ಯಾವುದೆಂಬುದನ್ನು, ಎತ್ತಿಡುವ ದಿನವೇ ಕೇಳಿಕೊಳ್ಳುವುದು ಲೇಸು.