ಕುಡಿತ ಬಿಡುವವರ ಸಭೆ: ಹುಡುಕುವುದು ಹೇಗೆ, ಹೋದರೆ ಏನಾಗುತ್ತದೆ

ಗಡಿನಾಡಿನ ನಮ್ಮ ಊರುಗಳಲ್ಲಿ ಕುಡಿತ ಬಿಡಬೇಕೆಂದು ಮನಸ್ಸು ಮಾಡಿದವರಿಗೆ ಎದುರಾಗುವ ತೊಡಕು ಎರಡು: ಊರು ಚಿಕ್ಕದು, ಎಲ್ಲರಿಗೂ ಎಲ್ಲರ ಗುರುತು ಇದೆ, ಹತ್ತಿರ ಸಿಗುವ ಸಹಾಯ ಹೆಚ್ಚಾಗಿ ತಮಿಳು, ಮಲಯಾಳ, ಮರಾಠಿ ಅಥವಾ ತೆಲುಗಿನಲ್ಲಿರುತ್ತದೆ. ಎರಡಕ್ಕೂ ದಾರಿಯಿದೆ.

ಮೊದಲು ವೈದ್ಯರ ಮಾತು. ಹಲವು ವರ್ಷ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸುವುದು ಅಪಾಯ. ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು ಆಗಬಹುದು. ಚಿಕಿತ್ಸೆ ಇಲ್ಲದಿದ್ದರೆ ಇದರಿಂದ ಪ್ರಾಣವೇ ಹೋದೀತು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಇದಕ್ಕೆ ಔಷಧ ಕೊಡುತ್ತಾರೆ. ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ 'ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ' ಎನ್ನುವ ಪೋಸ್ಟರುಗಳನ್ನು ನಂಬಬೇಡಿ. ಕುಡಿತ ಬಿಡಿಸುವ ಕೆಲವು ಮಾತ್ರೆಗಳನ್ನು ತಿಂದವರು ಗೊತ್ತಿಲ್ಲದೆ ಕುಡಿದರೆ ಜೀವಕ್ಕೇ ಕುತ್ತು.

ಸಭೆಗಳಲ್ಲಿ ಹೆಚ್ಚು ಊರುಗಳಲ್ಲಿ ಸಿಗುವುದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. 1935ರಲ್ಲಿ ಅಮೆರಿಕದ ಅಕ್ರಾನ್‌ನಲ್ಲಿ ಒಬ್ಬ ಷೇರು ವ್ಯವಹಾರದವನೂ ಒಬ್ಬ ಶಸ್ತ್ರವೈದ್ಯನೂ ಸೇರಿ ಇದನ್ನು ಆರಂಭಿಸಿದರು. ಇಬ್ಬರೂ ಕುಡುಕರೇ. ಕುಡಿತ ಬಿಟ್ಟವನು ಬಿಡಬೇಕೆನ್ನುವವನ ಜೊತೆ ಕುಳಿತು ಮಾತಾಡಿದರೆ ಇಬ್ಬರೂ ಉಳಿಯುತ್ತಾರೆ ಎಂಬುದು ಅವರು ಕಂಡುಕೊಂಡ ಉಪಾಯ. ಈಗಲೂ ಸಭೆಯ ತಿರುಳು ಅಷ್ಟೇ.

ಹುಡುಕಲು ಎ.ಎ.ಯ ಭಾರತ ಘಟಕದ ಜಾಲತಾಣದಲ್ಲಿ ಊರಿನ ಹೆಸರು ಹಾಕಿ ನೋಡಿ. ಇಲ್ಲವೇ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆ ಮಾಡಿ, ಶುಲ್ಕವಿಲ್ಲ. ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್ 14416 ಹಗಲಿರುಳು ಇರುತ್ತದೆ, ಅಲ್ಲಿ ಕನ್ನಡವನ್ನು ಆರಿಸಿಕೊಳ್ಳಬಹುದು. ಹೊರಡುವ ಮುಂಚೆ ಸಭೆಯ ದಿನ, ಸಮಯವನ್ನು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಜಾಗ ಬದಲಾಗುವುದು ಸಾಮಾನ್ಯ. ಸಭೆ ಚರ್ಚಿನ ಕೋಣೆಯಲ್ಲೋ ಶಾಲೆಯಲ್ಲೋ ಇದ್ದರೆ ಗಾಬರಿ ಬೇಡ. ಅಲ್ಲಿ ಜಾಗ ಕೊಟ್ಟಿದ್ದಾರೆ, ಅಷ್ಟೇ, ಎ.ಎ. ಯಾವ ಮತಕ್ಕೂ ಸೇರಿದ್ದಲ್ಲ.

ಗುರುತಿನವರ ಕಣ್ಣಿಗೆ ಬೀಳುವ ಭಯವಿದ್ದರೆ ಗಡಿಯೇ ಅನುಕೂಲ. ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿಲೋಮೀಟರ್, ಕಾಸರಗೋಡಿನಿಂದ ಮಂಗಳೂರು ಸುಮಾರು 50. ಅಲ್ಲಿ ನಿಮ್ಮನ್ನು ಯಾರೂ ಅರಿಯರು, ಕನ್ನಡ ಸಭೆ ಸಿಗುವ ಸಾಧ್ಯತೆಯೂ ಹೆಚ್ಚು. ಅಕ್ಕಲಕೋಟೆ, ಜತ್ತದಂಥ ಊರಿನವರಿಗೆ ವಾರವಾರ ದೂರದ ಪ್ರಯಾಣ ಆಗದ ಮಾತು. ಅವರು ಹತ್ತಿರದ ಮರಾಠಿ ಸಭೆಗೇ ಹೋಗಲಿ ಎಂದು ನನ್ನ ಸಲಹೆ. ಸಂತೆಯಲ್ಲಿ ಆಡುವ ಮರಾಠಿ ಕೇಳಿಸಿಕೊಳ್ಳಲು ಸಾಕು. ನಿಮ್ಮ ಸರದಿ ಬಂದಾಗ ಕನ್ನಡದಲ್ಲಿ ಹೇಳುತ್ತೇನೆ ಎಂದರೆ ಬೇಡ ಎನ್ನುವವರು ಕಡಿಮೆ. ಹೆಂಡತಿಗೆ ಸುಳ್ಳು ಹೇಳಿದ್ದನ್ನು, ಮಗಳ ಫೀಸಿನ ದುಡ್ಡು ಕುಡಿದದ್ದನ್ನು ಪರಭಾಷೆಯಲ್ಲಿ ಹೇಳಲು ಬಾಯಿ ಬರುವುದಿಲ್ಲ. 2020ರ ಲಾಕ್‌ಡೌನ್ ನಂತರ ಮೊಬೈಲಿನಲ್ಲಿ ನಡೆಯುವ ಸಭೆಗಳು ಹೆಚ್ಚಾಗಿವೆ. ಕನ್ನಡದ್ದು ಇದೆಯೇ ಎಂದು ಕೇಳಿ ಅದನ್ನೂ ಜೊತೆಗಿಟ್ಟುಕೊಳ್ಳಬಹುದು.

ಒಳಗೆ ಏನಾಗುತ್ತದೆ? ಹಾಜರಿ ಪುಸ್ತಕವಿಲ್ಲ, ಪ್ರವೇಶ ಶುಲ್ಕವಿಲ್ಲ. ಕೊನೆಯಲ್ಲಿ ಒಂದು ಚೀಲವೋ ಡಬ್ಬಿಯೋ ಸುತ್ತುತ್ತದೆ; ಹೊಸಬರು ಹಾಕಬೇಕೆಂದಿಲ್ಲ. ಮನೆತನದ ಹೆಸರು ಕೇಳುವುದಿಲ್ಲ, ಬರಿಯ ಹೆಸರು ಸಾಕು. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ, ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿವಾದವಿಲ್ಲ. ಮೊದಲ ದಿನ 'ಸುಮ್ಮನೆ ಕೇಳುತ್ತೇನೆ' ಎನ್ನಬಹುದು. ಪರಿಚಿತ ಮುಖ ಕಂಡರೆ ಅವರೂ ಅದೇ ಕಾರಣಕ್ಕೆ ಬಂದವರು; ಅಲ್ಲಿ ಕಂಡದ್ದು, ಕೇಳಿದ್ದು ಹೊರಗೆ ಹೋಗಬಾರದೆಂಬುದು ಅಲ್ಲಿಯ ಕಟ್ಟಳೆ. ಓಪನ್ ಮೀಟಿಂಗ್‌ಗೆ ಮನೆಯವರೂ ಬರಬಹುದು, ಕ್ಲೋಸ್ಡ್ ಮೀಟಿಂಗ್ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಕೆಲವು ವಾರಗಳಲ್ಲಿ ಒಬ್ಬ ಹಳೆಯ ಸದಸ್ಯರನ್ನು 'ಸ್ಪಾನ್ಸರ್' ಆಗಿ ಕೇಳಿಕೊಳ್ಳುತ್ತಾರೆ. ಸಂಜೆ ಏಳಕ್ಕೆ ಬಾರಿನತ್ತ ಕಾಲು ಎಳೆದಾಗ ಫೋನ್ ಮಾಡಬೇಕಾದದ್ದು ಅವರಿಗೆ. ಒಂದು ಸಭೆ ಹಿಡಿಸದಿದ್ದರೆ ಬೇರೆ ಗುಂಪು ನೋಡಿ. ಗುಂಪಿನಿಂದ ಗುಂಪಿಗೆ ಸ್ವಭಾವ ಬೇರೆ.

ಎ.ಎ. ಒಗ್ಗದವರಿಗೆ ಕನ್ನಡದಲ್ಲೇ ಇನ್ನೊಂದು ದಾರಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ. ಎಂಟು ದಿನ ಅಲ್ಲೇ ಉಳಿಯಬೇಕು. ಕಾಸರಗೋಡು ಭಾಗದಲ್ಲೂ ಇಂಥ ಶಿಬಿರಗಳು ನಡೆದಿವೆ. ಮುಗಿದ ಮೇಲೆ ನವಜೀವನ ಸಮಿತಿಗೆ ಹೋಗುವುದನ್ನು ಬಿಡಬಾರದು. ಶಿಬಿರದ ಫೋಟೋ ತೆಗೆಸಿಕೊಂಡು ಮನೆಗೆ ಬಂದವರಿಗೆ ಮುಂದಿನ ತಿಂಗಳುಗಳೇ ಕಷ್ಟ.

ಕುಡಿಯುವವರು ಇನ್ನೂ ಒಪ್ಪದಿದ್ದರೂ ಮನೆಯವರು ಕಾಯಬೇಕಿಲ್ಲ. ಹೆಂಡತಿ, ತಾಯಿ, ಅಣ್ಣತಮ್ಮಂದಿರಿಗಾಗಿಯೇ 1951ರಲ್ಲಿ ಅಲ್-ಅನಾನ್ ಹುಟ್ಟಿತು. ಬಾಟಲಿ ಬಚ್ಚಿಡುವುದು, ಸಾಲ ತೀರಿಸುವುದು, ಆಫೀಸಿಗೆ 'ಜ್ವರ' ಎಂದು ಫೋನ್ ಮಾಡುವುದು ಇವುಗಳಿಂದ ಹೊರಬರುವುದು ಹೇಗೆಂದು ಅಲ್ಲಿ ತಿಳಿಯುತ್ತದೆ.

ಊರಿನಲ್ಲಿ ಕನ್ನಡ ಸಭೆ ಇಲ್ಲವೇ? ಎ.ಎ. ಗುಂಪು ಶುರುವಾಗಲು ಕುಡಿತ ಬಿಡಬೇಕೆನ್ನುವ ಇಬ್ಬರೋ ಮೂವರೋ ಸೇರಿದರೆ ಸಾಕು. ಪಕ್ಕದೂರಿನ ಗುಂಪಿನವರು ಬಂದು ಮೊದಲ ಕೆಲವು ಸಭೆ ನಡೆಸಿಕೊಡಬಹುದು, ಕೇಳಿ ನೋಡಿ. ಜಾಗಕ್ಕೆ ಸಂಘದ ಕೋಣೆ ಕೇಳಬಹುದು. ಪದಾಧಿಕಾರಿಗಳು ಗಮನಿಸಬೇಕಾದ್ದು: ಎ.ಎ. ಹೊರಗಿನ ದೇಣಿಗೆ ಪಡೆಯುವುದಿಲ್ಲ, ಆದ್ದರಿಂದ ಚಿಕ್ಕದಾದರೂ ಬಾಡಿಗೆ ತೆಗೆದುಕೊಳ್ಳಿ. ಸಂಘದ ಬ್ಯಾನರ್, ಉದ್ಘಾಟನೆ, ಫೋಟೋ ಬೇಡ. ಬಂದವರ ಹೆಸರು ಕೇಳಬೇಡಿ. ಕೀಲಿ ಕೊಟ್ಟು ಹೊರಡಿ.